ಏಳನೇ ವೇತನ ಆಯೋಗದ ಪಟ್ಟಿ ಎಲ್ಲರಿಗೂ ಒಂದೇ. ಹಾಗಾದರೆ ಒಂದೇ ಕೋಣೆಯೊಳಗೆ ಸಂಬಳದ ಅಂತರ ಏಕಿಷ್ಟು?

ಟಪಾಲು ಶಾಖೆ
ನಾನು ತಾಲ್ಲೂಕು ಮಟ್ಟದ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ನಮ್ಮ ಕೋಣೆಯಲ್ಲಿ ನಾಲ್ಕು ಮೇಜುಗಳಿವೆ. ಒಂದು ನನ್ನದು, ಎದುರಿನದು ದ್ವಿತೀಯ ದರ್ಜೆ ಸಹಾಯಕರದು, ಕಿಟಕಿಯ ಪಕ್ಕದಲ್ಲಿ ಇಲಾಖೆಯೇ ನೇರವಾಗಿ ಗುತ್ತಿಗೆಯ ಮೇಲೆ ತೆಗೆದುಕೊಂಡವರೊಬ್ಬರು ಕೂರುತ್ತಾರೆ, ಬಾಗಿಲ ಬಳಿ ಏಜೆನ್ಸಿಯ ಮೂಲಕ ಬಂದ ಡೇಟಾ ಎಂಟ್ರಿ ಆಪರೇಟರ್ ಇದ್ದಾರೆ. ನಾಲ್ವರೂ ತೆರೆಯುವುದು ಒಂದೇ ತಂತ್ರಾಂಶ, ವಿಲೇವಾರಿ ಮಾಡುವುದು ಅದೇ ಅರ್ಜಿಗಳನ್ನು. 2024ರ ಆಗಸ್ಟಿನಲ್ಲಿ ಪರಿಷ್ಕೃತ ವೇತನ ಕೈಗೆ ಬಂದಾಗ ನಾವಿಬ್ಬರು ಸಿಹಿ ತಂದೆವು, ಉಳಿದಿಬ್ಬರು ತಿಂದರು. ಆ ಹೊತ್ತಿನಲ್ಲಿ ಯಾರೂ ಏನೂ ಮಾತಾಡಲಿಲ್ಲ.

ಕಾಯಂ ನೌಕರರ ವೇತನ ಶ್ರೇಣಿಯಲ್ಲಿ ಗಂಡು, ಹೆಣ್ಣು, ಜಾತಿ, ಊರು ಎಂಬ ಭೇದವಿಲ್ಲ. ಹುದ್ದೆ ಒಂದಾದರೆ ಮೂಲ ವೇತನವೂ ಒಂದೇ. ನೇಮಕಾತಿಯಲ್ಲಿ ಮೀಸಲಾತಿಯಿದೆ, ಯಾವ ಹುದ್ದೆ ಯಾವ ವರ್ಗಕ್ಕೆ ಎಂದು ಸರದಿಯಂತೆ ಗುರುತಿಸುವ ರೋಸ್ಟರ್ ಇದೆ. ಕಾಗದದ ಮೇಲೆ ಇಷ್ಟು ಸಮಾನವಾಗಿರುವ ವ್ಯವಸ್ಥೆಯೊಳಗೆ ಕಡಿಮೆ ಸಂಬಳದ ಮೇಜುಗಳಲ್ಲಿ ಹೆಣ್ಣುಮಕ್ಕಳೂ ದಲಿತರೂ ಹೆಚ್ಚಾಗಿ ಕಾಣುವುದು ಏಕೆ? ನನ್ನ ಕಚೇರಿಯೊಂದರ ಕಥೆಯೋ, ಎಲ್ಲ ಕಡೆಯೂ ಹೀಗೆಯೋ?

ಖಜಾನೆ ಹಳಬ
ಲೆಕ್ಕದಿಂದ ಶುರು ಮಾಡೋಣ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗ 2022ರ ನವೆಂಬರಿನಲ್ಲಿ ರಚನೆಯಾಗಿ, 2024ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಹಳೆಯ ಕನಿಷ್ಠ ಮೂಲ ವೇತನ 17,000 ರೂಪಾಯಿ. ಅದಕ್ಕೆ ಶೇ. 31ರಷ್ಟು ತುಟ್ಟಿಭತ್ಯೆಯನ್ನು ವಿಲೀನಗೊಳಿಸಿದರೆ 5,270, ಶೇ. 27.5ರ ಫಿಟ್‌ಮೆಂಟ್, ಅಂದರೆ ಹೊಸ ಶ್ರೇಣಿಗೆ ಹೊಂದಿಸುವಾಗ ಕೊಡುವ ಹೆಚ್ಚಳ ಸೇರಿಸಿದರೆ 4,675, ಒಟ್ಟು 26,945. ಅದನ್ನೇ 27,000 ಎಂದು ನಿಗದಿ ಮಾಡಿದರು. ಗರಿಷ್ಠ 1,50,600 ಇದ್ದದ್ದು 2,41,200 ಆಯಿತು.

ಈ ಪಟ್ಟಿಗೆ ಯಾರ ಮುಖವೂ ಗೊತ್ತಿಲ್ಲ ಎನ್ನುವುದು ನಿಜ. ಆದರೆ ಶೇಕಡಾವಾರು ಹೆಚ್ಚಳ ಎಂದಾಗ ಒಂದು ಮಾತು ನೆನಪಿರಲಿ: ಅದೇ 27.5 ಶೇಕಡಾ ತಳದಲ್ಲಿರುವವನಿಗೆ 4,675 ರೂಪಾಯಿ, ತುದಿಯಲ್ಲಿರುವವರಿಗೆ 41,415 ರೂಪಾಯಿ. ತಳದಲ್ಲಿ ಯಾರಿದ್ದಾರೆ, ತುದಿಯಲ್ಲಿ ಯಾರಿದ್ದಾರೆ ಎಂಬುದು ವೇತನ ಆಯೋಗದ ಪ್ರಶ್ನೆಯಲ್ಲ, ನೇಮಕಾತಿ ಮತ್ತು ಬಡ್ತಿಯ ಪ್ರಶ್ನೆ.

ನೇರ ಮಾತು
ಸರ್ಕಾರಿ ನೌಕರರು ಮತ್ತೆ ಸಂಬಳದ ಬಗ್ಗೆ ಅಳುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 2023ರ ಮಾರ್ಚ್ 1ರಂದು ಮುಷ್ಕರ ಹೂಡಿದಿರಿ, ಅದೇ ದಿನ ಶೇ. 17ರ ಮಧ್ಯಂತರ ಪರಿಹಾರ ಪಡೆದಿರಿ, ಮರುವರ್ಷ ಪೂರ್ಣ ಪರಿಷ್ಕರಣೆಯನ್ನೂ ಪಡೆದಿರಿ. ತೆರಿಗೆ ಕಟ್ಟುವ ಖಾಸಗಿ ನೌಕರನಿಗೆ ಇಂಥ ಆಯೋಗ ಯಾವುದಿದೆ?

ಟಪಾಲು ಶಾಖೆ
ನೇರ ಮಾತು ಅವರೇ, ನನ್ನ ಸಂಬಳ ಸಾಲದು ಎಂದು ನಾನು ಬರೆದಿಲ್ಲ. ಬಾಗಿಲ ಬಳಿಯ ಮೇಜಿನ ಬಗ್ಗೆ ಬರೆದಿದ್ದೇನೆ. ದಯವಿಟ್ಟು ಇನ್ನೊಮ್ಮೆ ಓದಿ.

ಕಲಂ ಹದಿನಾಲ್ಕು
ಕಾನೂನಿನ ಚಿತ್ರ ಗೊತ್ತಿರಲಿ ಎಂದು ಬರೆಯುತ್ತೇನೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಸಂವಿಧಾನದ 39(ಡಿ) ವಿಧಿಯಲ್ಲಿ ನಿರ್ದೇಶಕ ತತ್ತ್ವವಾಗಿತ್ತು. 1982ರ ರಣಧೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಮಾನತೆಯ ಮೂಲಭೂತ ಹಕ್ಕಿನ ಜೊತೆ ಸೇರಿಸಿ ಓದಿತು. 2016ರ ಜಗಜಿತ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಗಿ, ಕಾಯಂ ನೌಕರರದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತವನ್ನಾದರೂ ಕೊಡಬೇಕು ಎಂದಿತು.

ಇನ್ನೊಂದು ದಿಕ್ಕಿನಲ್ಲಿ 2006ರ ಏಪ್ರಿಲ್ 10ರ ಉಮಾದೇವಿ ತೀರ್ಪಿದೆ. ಅದು ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಹುಟ್ಟಿದ ಪ್ರಕರಣ. ಸ್ಪರ್ಧಾತ್ಮಕ ಆಯ್ಕೆಯಿಲ್ಲದೆ ಒಳಬಂದವರು ಎಷ್ಟು ವರ್ಷ ದುಡಿದರೂ ಕಾಯಂಗೆ ಹಕ್ಕುದಾರರಲ್ಲ ಎಂದು ಸಂವಿಧಾನ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ತಡೆಯಾಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರಿಗೆ ಮಾತ್ರ ಒಂದು ಬಾರಿಯ ವಿನಾಯಿತಿ ಕೊಟ್ಟಿತು. ಅದಕ್ಕೆ ಮೊದಲು 1990ರ ಧಾರವಾಡ ಜಿಲ್ಲಾ ಲೋಕೋಪಯೋಗಿ ದಿನಗೂಲಿ ನೌಕರರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹಂತ ಹಂತವಾಗಿ ಕಾಯಂ ಮಾಡುವ ಯೋಜನೆಯನ್ನು ಒಪ್ಪಿತ್ತು ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ. ಉಮಾದೇವಿಯ ನಂತರ ಉಳಿದ ದಿನಗೂಲಿಗಳಿಗಾಗಿ ರಾಜ್ಯ ಸರ್ಕಾರ 2012ರಲ್ಲಿ ಕ್ಷೇಮಾಭಿವೃದ್ಧಿ ಅಧಿನಿಯಮವನ್ನು ತರಬೇಕಾಯಿತು. 2024ರ ಡಿಸೆಂಬರಿನ ಜಗ್ಗೋ ತೀರ್ಪಿನಲ್ಲಿ, ದಶಕಗಟ್ಟಲೆ ದುಡಿಸಿಕೊಂಡವರನ್ನು ಹೊರಹಾಕಲು ಉಮಾದೇವಿಯನ್ನು ಗುರಾಣಿ ಮಾಡಿಕೊಳ್ಳಬಾರದು ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳಿಗೆ ಬುದ್ಧಿ ಹೇಳಿದೆ.

ಈಗ ನಿಮ್ಮ ಕೋಣೆಗೆ ಬನ್ನಿ. ಕಿಟಕಿಯ ಪಕ್ಕದವರಿಗೆ ಜಗಜಿತ್ ಸಿಂಗ್ ತೀರ್ಪು ಸ್ವಲ್ಪ ಆಸರೆಯಾಗಬಹುದು, ಏಕೆಂದರೆ ಅವರ ಒಪ್ಪಂದ ಇಲಾಖೆಯ ಜೊತೆ ಇದೆ. ಬಾಗಿಲ ಬಳಿಯವರ ಒಪ್ಪಂದ ಏಜೆನ್ಸಿಯ ಜೊತೆ ಇದೆ. ಅವರು ಸರ್ಕಾರದ ನೌಕರರೇ ಅಲ್ಲ ಎಂದು ವಕೀಲರು ಒಂದೇ ಸಾಲಿನ ಆಕ್ಷೇಪಣೆ ಹಾಕುತ್ತಾರೆ.

ಅರೆಬರೆ
ಅಂದರೆ ಬಾಗಿಲಿಗೆ ಹತ್ತಿರವಾದಷ್ಟೂ ಕಾನೂನು ದೂರ. ಚೆನ್ನಾಗಿದೆ.

ಏಜೆನ್ಸಿ ಹುಡುಗ
ಬಾಗಿಲ ಬಳಿಯ ಮೇಜಿನವನೇ ಮಾತಾಡುತ್ತಿದ್ದೇನೆ, ಜಿಲ್ಲೆ ಮಾತ್ರ ಬೇರೆ. ಹೊರಗುತ್ತಿಗೆಯಿಂದ ಸರ್ಕಾರಕ್ಕೆ ಉಳಿತಾಯವಾಗುತ್ತದೆ ಎಂದು ಎಲ್ಲರೂ ಹೇಳುವುದರಿಂದ ಒಂದು ಉದಾಹರಣೆಯ ಲೆಕ್ಕ ಹಾಕಿ ತೋರಿಸುತ್ತೇನೆ. ಕೂಲಿ 15,000 ಎಂದಿಟ್ಟುಕೊಳ್ಳಿ. ನನ್ನ ಪಾಲಿನ ಭವಿಷ್ಯ ನಿಧಿ ಶೇ. 12, ಅಂದರೆ 1,800, ಇಎಸ್‌ಐ ಶೇ. 0.75, ಅಂದರೆ 113. ಕೈಗೆ ಬರುವುದು 13,087. ಅತ್ತ ಇಲಾಖೆಯ ಬಿಲ್ಲಿನಲ್ಲಿ 15,000ದ ಮೇಲೆ ಮಾಲೀಕರ ಪಾಲಿನ ಭವಿಷ್ಯ ನಿಧಿ ಆಡಳಿತ ಶುಲ್ಕ ಸೇರಿ ಶೇ. 13, ಇಎಸ್‌ಐ ಶೇ. 3.25, ಏಜೆನ್ಸಿಯ ಸೇವಾ ಶುಲ್ಕ, ವಿನಾಯಿತಿ ಇಲ್ಲದ ಕಡೆ ಇಡೀ ಮೊತ್ತದ ಮೇಲೆ ಶೇ. 18 ಜಿಎಸ್‌ಟಿ. ಸೇವಾ ಶುಲ್ಕವನ್ನು ಬಿಟ್ಟರೂ ಬಿಲ್ಲು 20,500 ದಾಟುತ್ತದೆ. ನನಗೂ ಇಲಾಖೆಗೂ ನಡುವೆ ಏಳು ಸಾವಿರಕ್ಕೂ ಹೆಚ್ಚು ಅಂತರ. ಅದರಲ್ಲಿ ಭವಿಷ್ಯ ನಿಧಿ ಮಾತ್ರ ಎಂದಾದರೂ ನನ್ನ ಕೈಸೇರುತ್ತದೆ.

ಎಂದಾದರೂ ಎಂದೆ. ಟೆಂಡರ್ ಬದಲಾದಾಗಲೆಲ್ಲ ಏಜೆನ್ಸಿ ಬದಲಾಗುತ್ತದೆ, ಹಳೆಯ ಏಜೆನ್ಸಿ ಕೊನೆಯ ಕೆಲವು ತಿಂಗಳ ಕಂತು ಕಟ್ಟಿರುವುದಿಲ್ಲ, ಹೊಸದು ಮತ್ತೊಂದು ಖಾತೆ ಸಂಖ್ಯೆ ತೆರೆದಿರುತ್ತದೆ. ಸಾಹೇಬರ ಹತ್ತಿರ ಹೋದರೆ ಏಜೆನ್ಸಿಯನ್ನು ಕೇಳು ಎನ್ನುತ್ತಾರೆ, ಏಜೆನ್ಸಿಯನ್ನು ಕೇಳಿದರೆ ಇಲಾಖೆಯಿಂದ ಬಿಲ್ಲು ಪಾಸಾಗಿಲ್ಲ ಎನ್ನುತ್ತದೆ. ಮೇಲಿನ ಕಾನೂನು ಬಲ್ಲವರು ಇದಕ್ಕೆ ಏನು ಹೇಳುತ್ತಾರೆ?

ಕಲಂ ಹದಿನಾಲ್ಕು
ಗುತ್ತಿಗೆದಾರ ಕೂಲಿ ಕೊಡದಿದ್ದರೆ ಪ್ರಧಾನ ಉದ್ಯೋಗದಾತನೇ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇರುವ ತತ್ತ್ವ. ಇಲ್ಲಿ ಪ್ರಧಾನ ಉದ್ಯೋಗದಾತ ನಿಮ್ಮ ಇಲಾಖೆಯೇ. ಭವಿಷ್ಯ ನಿಧಿಯ ವಿಷಯದಲ್ಲಿಯೂ ಇದೇ ಹೊಣೆ ಇದೆ. ಬಾಯಿಮಾತಿನಲ್ಲಿ ಕೇಳಬೇಡಿ, ಕಚೇರಿಯ ಮುಖ್ಯಸ್ಥರಿಗೆ ಲಿಖಿತವಾಗಿ ಕೊಟ್ಟು, ಒಂದು ಪ್ರತಿಯನ್ನು ಪ್ರಾದೇಶಿಕ ಭವಿಷ್ಯ ನಿಧಿ ಕಚೇರಿಗೆ ಕಳುಹಿಸಿ ಸ್ವೀಕೃತಿ ಇಟ್ಟುಕೊಳ್ಳಿ.

ನೇರ ಮಾತು
ಈ ಹುಡುಗನ ಲೆಕ್ಕ ಒಪ್ಪಿದೆ. ಆದರೆ ಪರಿಹಾರವೇನು? ರಾಜ್ಯದಲ್ಲಿ ಎರಡೂವರೆ ಲಕ್ಷದಷ್ಟು ಮಂಜೂರಾದ ಹುದ್ದೆಗಳು ಖಾಲಿ ಬಿದ್ದಿವೆ. ಎಲ್ಲವನ್ನೂ ತುಂಬಿ, ಎಲ್ಲರಿಗೂ 27,000ದ ಮೇಲೆ ಭತ್ಯೆಗಳನ್ನು ಕೊಟ್ಟರೆ ರಸ್ತೆಗೂ ಆಸ್ಪತ್ರೆಗೂ ದುಡ್ಡು ಎಲ್ಲಿಂದ ತರುತ್ತೀರಿ? ವೈವಿಧ್ಯ ಎನ್ನುವುದು ಒಳ್ಳೆಯ ಮಾತು, ಆದರೆ ಸರ್ಕಾರಿ ಕೆಲಸ ಇರುವುದು ಜನರ ಸೇವೆಗೆ; ಉದ್ಯೋಗ ಹಂಚಲು ಅಲ್ಲ.

ಮಂಡ್ಯದ ಮೇಷ್ಟ್ರು
ಈ ವಾದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ವಯಸ್ಸಾಗಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದಾಗಲೂ ದಕ್ಷತೆ ಕುಸಿಯುತ್ತದೆ ಎಂಬ ಮಾತೇ ಎದ್ದಿತ್ತು. ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಯಲ್ಲಿ ಹುದ್ದೆ ಬಿಟ್ಟದ್ದರ ಹಿಂದೆ ಈ ಭಿನ್ನಾಭಿಪ್ರಾಯವೂ ಇತ್ತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ಅದರಿಂದ ಮೈಸೂರು ಸಂಸ್ಥಾನ ಮುಳುಗಲಿಲ್ಲ. ಅರಸು ಅವರ ಕಾಲದಲ್ಲಿ 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಾಗಲೂ ಇದೇ ರಾಗ. ಮಿಲ್ಲರ್ ಸಮಿತಿ ಮೇಲಿನ ಹುದ್ದೆಗೂ ಕೆಳಗಿನ ಹುದ್ದೆಗೂ ಬೇರೆ ಬೇರೆ ಪ್ರಮಾಣ ಹೇಳಿತು ಎಂಬುದನ್ನು ಗಮನಿಸಿ. ಯಾವ ಮಟ್ಟದಲ್ಲಿ ಯಾರಿದ್ದಾರೆ ಎಂದು ಬಿಡಿಸಿ ನೋಡಬೇಕು ಎಂಬ ಅರಿವು ಅಂದೇ ಇತ್ತು. ಇಂದು ಒಟ್ಟು ತಲೆ ಎಣಿಸಿ ಸುಮ್ಮನಾಗುತ್ತೇವೆ.

ಅರೆಬರೆ
ವಿಶ್ವೇಶ್ವರಯ್ಯನವರ ವಿಷಯಕ್ಕೆ ಹೋದರೆ ಮುಂದಿನ ಇನ್ನೂರು ಪ್ರತಿಕ್ರಿಯೆಗಳು ಅಲ್ಲೇ ನಿಲ್ಲುತ್ತವೆ, ಮೇಷ್ಟ್ರೇ. ದಯವಿಟ್ಟು ಹುದ್ದೆ ಮತ್ತು ಸಂಬಳಕ್ಕೆ ಮರಳೋಣ.

ಸೇವಾ ಪುಸ್ತಕ
ಹೆಣ್ಣುಮಕ್ಕಳ ವಿಷಯವನ್ನು ಮೂಲ ಪ್ರಶ್ನೆಯಲ್ಲಿ ಕೇಳಿದ್ದರು, ಯಾರೂ ಮುಟ್ಟಲಿಲ್ಲ. ನೇರ ನೇಮಕಾತಿಯಲ್ಲಿ ಶೇ. 33 ಇದೆಯಲ್ಲ, ಇನ್ನೇನು ಬೇಕು ಎಂದು ನಮ್ಮ ಕಚೇರಿಯಲ್ಲಿ ಕೇಳುತ್ತಾರೆ. ಆ ಮೂವತ್ತಮೂರನ್ನು ಗರಿಷ್ಠ ಮಿತಿ ಎಂದು ತಿಳಿದವರು ಬಹಳ ಮಂದಿ. ಅದು ಸಮತಲ ಮೀಸಲಾತಿ: ಪ್ರತಿ ವರ್ಗದೊಳಗೆ ಅಷ್ಟು ಮಹಿಳೆಯರಾದರೂ ಇರಬೇಕು ಎಂಬ ಕನಿಷ್ಠ ಮಿತಿ. ಅರ್ಹತೆಯ ಮೇಲೆ ಶೇ. 50 ಬಂದರೂ ತಡೆಯುವ ನಿಯಮವಿಲ್ಲ.

ತೊಂದರೆ ಇರುವುದು ಒಳಬಂದ ಮೇಲೆ. ಬಡ್ತಿಯಲ್ಲಿ ಮಹಿಳೆಯರಿಗೆ ಮೀಸಲಾತಿ ಇಲ್ಲ, ಬಡ್ತಿ ನಡೆಯುವುದು ಜ್ಯೇಷ್ಠತೆಯ ಮೇಲೆ. ಮದುವೆಯಾಗಿ ಗಂಡನ ಊರಿಗೆ ಕೋರಿಕೆಯ ವರ್ಗಾವಣೆ ಪಡೆದರೆ, ಅದು ಜ್ಯೇಷ್ಠತಾ ಘಟಕದ (ಒಂದೇ ಜ್ಯೇಷ್ಠತಾ ಪಟ್ಟಿ ಇರುವ ವ್ಯಾಪ್ತಿಯ) ಹೊರಗಿದ್ದಲ್ಲಿ, ಅಲ್ಲಿಯ ಪಟ್ಟಿಯ ಕೊನೆಯಲ್ಲಿ ಹೆಸರು ಸೇರುತ್ತದೆ. ಅದುವರೆಗಿನ ಸೇವೆ ಪಿಂಚಣಿಗೆ ಬರುತ್ತದೆ, ಸಂಬಳವೂ ಇಳಿಯುವುದಿಲ್ಲ, ಬಡ್ತಿಯ ಸರದಿ ಮಾತ್ರ ಮಣ್ಣುಪಾಲು. ನನ್ನ ಜೊತೆ ಒಂದೇ ಆದೇಶದಲ್ಲಿ ನೇಮಕವಾದವರು ಈಗ ನನ್ನ ಟಿಪ್ಪಣಿಗೆ ಸಹಿ ಹಾಕುವ ಸ್ಥಾನದಲ್ಲಿದ್ದಾರೆ. ಅವರು ಒಳ್ಳೆಯ ಅಧಿಕಾರಿ. ನಾನು ದೂರುತ್ತಿರುವುದು ಅವರನ್ನಲ್ಲ. ನಾನು ಜಿಲ್ಲೆ ಬದಲಿಸಿದೆ, ಅವರು ಬದಲಿಸಲಿಲ್ಲ, ಅಷ್ಟೇ.

ಇನ್ನು ರಜೆ. ಹೆರಿಗೆ ರಜೆ 180 ದಿನ, 2021ರಿಂದ ಮಕ್ಕಳ ಪಾಲನಾ ರಜೆ ಇಡೀ ಸೇವೆಗೆ 180 ದಿನ. ಕೇಂದ್ರದ ನೌಕರರಿಗೆ ಈ ಪಾಲನಾ ರಜೆ 730 ದಿನ ಎಂಬುದನ್ನು ಹೋಲಿಸಿ ನೋಡಿ. 180 ಮುಗಿದವರು ವೇತನರಹಿತ ರಜೆಗೆ ಇಳಿಯುತ್ತಾರೆ, ವೈದ್ಯಕೀಯ ಕಾರಣವಿಲ್ಲದ ವೇತನರಹಿತ ರಜೆ ಸಾಮಾನ್ಯವಾಗಿ ವಾರ್ಷಿಕ ವೇತನ ಬಡ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಒಂದು ವೇತನ ಬಡ್ತಿ ಮುಂದೆ ಹೋದರೆ ಅದರ ಹಿಂದೆ ತುಟ್ಟಿಭತ್ಯೆಯೂ, ಕಾಲಬದ್ಧ ಮುಂಬಡ್ತಿಯ ನಿಗದಿಯೂ ಕುಗ್ಗುತ್ತಾ ಹೋಗುತ್ತವೆ. ಶ್ರೇಣಿ ಸಮಾನ, ಶ್ರೇಣಿಯೊಳಗಿನ ಮೆಟ್ಟಿಲು ಸಮಾನವಲ್ಲ.

ಖಜಾನೆ ಹಳಬ
ಸೇವಾ ಪುಸ್ತಕ ಅವರ ಕೊನೆಯ ಪ್ಯಾರಾ ನೂರಕ್ಕೆ ನೂರು ಸರಿ. ನಿವೃತ್ತಿ ಪ್ರಕರಣಗಳನ್ನು ನೋಡುವಾಗ ಒಂದೇ ವರ್ಷ ಸೇರಿದ ಇಬ್ಬರ ಕೊನೆಯ ಮೂಲ ವೇತನದಲ್ಲಿ ಎರಡು ಮೂರು ಹಂತಗಳ ವ್ಯತ್ಯಾಸ ಕಂಡಾಗ ಕಾರಣ ಹುಡುಕಲು ರಜೆಯ ಪುಟ ತಿರುವಿದರೆ ಸಾಕಾಗುತ್ತಿತ್ತು.

ಕೊಡಗಿನ ಕಾಫಿ
ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರನ್ನು ಇಲ್ಲಿ ನೆನೆಯದಿದ್ದರೆ ಹೇಗೆ? 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಅವರಿಂದ ಮೊದಲೇ ಬರೆಸಿಕೊಂಡಿದ್ದರು. ಉನ್ನತ ದರ್ಜೆಗೆ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳ ಬಗ್ಗೆ ಬಹಳ ಕಟುವಾಗಿ ಬರೆದರು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು ಎಂಬುದೂ ದಾಖಲಾಗಿದೆ. ನಿಯಮ ಹೋಗಿದೆ, ಆದರೆ ಸೇವಾ ಪುಸ್ತಕ ಅವರು ಬರೆದ ವರ್ಗಾವಣೆಯ ಕಥೆಯಲ್ಲಿ ಮದುವೆಯ ಬೆಲೆಯನ್ನು ಇಂದಿಗೂ ಒಬ್ಬರೇ ತೆರುತ್ತಿದ್ದಾರೆ.

ನೇರ ಮಾತು
ಮೇಲೆ ನೋಡಿ ಮಾತಾಡಿ. ರತ್ನಪ್ರಭಾ, ವಂದಿತಾ ಶರ್ಮಾ, ಶಾಲಿನಿ ರಜನೀಶ್ ಮುಖ್ಯ ಕಾರ್ಯದರ್ಶಿಗಳಾದರು, ನೀಲಮಣಿ ರಾಜು 2017ರಲ್ಲಿ ಪೊಲೀಸ್ ಮಹಾನಿರ್ದೇಶಕರಾದರು. ಇದಕ್ಕಿಂತ ಎತ್ತರದ ಹುದ್ದೆ ಯಾವುದಿದೆ?

ಸೇವಾ ಪುಸ್ತಕ
ಅವರೆಲ್ಲ ಅಖಿಲ ಭಾರತ ಸೇವೆಯವರು. ಅವರ ಬಡ್ತಿಯ ನಿಯಮಗಳೇ ಬೇರೆ, ವರ್ಗವೇ ಬೇರೆ. ಜಿಲ್ಲಾ ಮಟ್ಟದ ಘಟಕದಲ್ಲಿ ಜ್ಯೇಷ್ಠತೆ ಕಳೆದುಕೊಂಡ ದ್ವಿತೀಯ ದರ್ಜೆ ಸಹಾಯಕಿಗೆ ಶಾಲಿನಿ ರಜನೀಶ್ ಅವರ ಹುದ್ದೆಯಿಂದ ಒಂದು ವೇತನ ಬಡ್ತಿಯೂ ಸಿಗುವುದಿಲ್ಲ.

ಕಲಬುರಗಿ ಬಿಸಿಲು
ವೈವಿಧ್ಯ ಎಂದರೆ ಜಾತಿ, ಲಿಂಗ ಮಾತ್ರವಲ್ಲ, ಊರೂ ಹೌದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬರುವ ಮೊದಲು ನಮ್ಮ ಕಡೆಯ ಕಚೇರಿಗಳಲ್ಲಿ ನಮ್ಮ ಭಾಷೆ ಆಡುವವರು ಕಡಿಮೆ, ವರ್ಗಾವಣೆಯ ಅರ್ಜಿ ಜೇಬಿನಲ್ಲಿಟ್ಟುಕೊಂಡು ಬಂದವರೇ ಹೆಚ್ಚು. 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಪ್ರಾದೇಶಿಕ ವೃಂದದಲ್ಲಿ ಸಿ ಗುಂಪಿನ ಶೇ. 80, ಡಿ ಗುಂಪಿನ ಶೇ. 85 ಹುದ್ದೆಗಳು ಸ್ಥಳೀಯರಿಗೆ ಮೀಸಲು. ಬಿ ಗುಂಪಿನಲ್ಲಿ ಶೇ. 75. ಫಲ ಕಾಣುತ್ತಿದೆ. ಆದರೆ ಹುದ್ದೆಯನ್ನು ತುಂಬದೆ ಹೊರಗುತ್ತಿಗೆಗೆ ಕೊಟ್ಟರೆ ಈ ಶೇಕಡಾವಾರು ಯಾವುದಕ್ಕೆ ಅನ್ವಯಿಸಬೇಕು? ಖಾಲಿ ಕುರ್ಚಿಗೆ ರೋಸ್ಟರ್ ಹಚ್ಚಿದಂತಾಗುತ್ತದೆ.

ಬೇಲೂರು ಬಾಲು
ಅದಕ್ಕೇ 2024ರಲ್ಲಿ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಎಂದು ಆದೇಶ ಮಾಡಿದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೂ ಇದೆ, ಮಹಿಳೆಯರಿಗೆ ಶೇ. 33 ಇದೆ. ಸಮಸ್ಯೆ ಬಗೆಹರಿಯಿತಲ್ಲ?

ಏಜೆನ್ಸಿ ಹುಡುಗ
ಬಾಲು ಅವರೇ, ಆ ಆದೇಶ ಅನ್ವಯಿಸುವುದು ಒಂದು ಕಡೆ ಕನಿಷ್ಠ ಇಪ್ಪತ್ತು ಮಂದಿ ಇದ್ದಾಗ. ನಮ್ಮ ಕಚೇರಿಗೆ ಬೇಕಾದವರು ಆರು ಮಂದಿ, ಪಕ್ಕದ ಕಚೇರಿಗೆ ಎಂಟು. ಪ್ರತಿಯೊಂದಕ್ಕೂ ಬೇರೆ ಟೆಂಡರ್ ಕರೆದರೆ ರೋಸ್ಟರ್ ಯಾರ ಕೈಯಲ್ಲಿ? ಆ ಪಟ್ಟಿಯನ್ನು ಏಜೆನ್ಸಿಯವನು ಇಟ್ಟಿರುತ್ತಾನೆಯೇ ಎಂದು ಕೇಳಿದರೆ ನಗುತ್ತಾನೆ. ನಮ್ಮಲ್ಲಿ ಒಳಗೆ ಬರುವ ದಾರಿ, ಕಚೇರಿಯಲ್ಲಿ ಈಗಾಗಲೇ ಇರುವ ಯಾರೋ ಒಬ್ಬರಿಗೆ ಪರಿಚಯವಿರುವುದು. ನಾನೂ ಹಾಗೆಯೇ ಬಂದದ್ದು.

ಮಂಡ್ಯದ ಮೇಷ್ಟ್ರು
ಈ ಹುಡುಗ ಹೇಳಿದ್ದೇ ಇಡೀ ಚರ್ಚೆಯ ಗಂಟು. ಪರಿಶಿಷ್ಟ ಜಾತಿಗೆ ಶೇ. 15 ಇದ್ದದ್ದನ್ನು 17ಕ್ಕೆ, ಪಂಗಡಕ್ಕೆ 3 ಇದ್ದದ್ದನ್ನು 7ಕ್ಕೆ 2022ರಲ್ಲಿ ಏರಿಸಿದೆವು. ಒಳಮೀಸಲಾತಿಗಾಗಿ ದಶಕಗಟ್ಟಲೆ ಹೋರಾಡಿ, ನಾಗಮೋಹನ ದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟಿನಲ್ಲಿ ಪರಿಶಿಷ್ಟ ಜಾತಿಯ ಆ 17ನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಲು ತೀರ್ಮಾನಿಸಿದೆವು. ಒಂದೊಂದು ಶೇಕಡಾಕ್ಕೂ ಬೀದಿಗಿಳಿದು ಜಗಳವಾಡಿದೆವು. ಅದೇ ಅವಧಿಯಲ್ಲಿ ಶೇಕಡಾ ಲೆಕ್ಕ ಹಾಕಬೇಕಾದ ಹುದ್ದೆಗಳೇ ಕದ್ದುಮುಚ್ಚಿ ಟೆಂಡರಿನ ಕಡೆಗೆ ಸರಿದವು. ಆ ಬಗ್ಗೆ ಅಷ್ಟು ಗದ್ದಲ ಏಳಲಿಲ್ಲ, ಏಕೆಂದರೆ ಅದರಿಂದ ಯಾವ ಒಂದು ಸಮುದಾಯಕ್ಕೂ ಪ್ರತ್ಯೇಕವಾಗಿ ನಷ್ಟವಾದಂತೆ ಕಾಣುವುದಿಲ್ಲ.

ಕೆಂಪು ಸೀರೆ
ನೌಕರರು ಎಂಬ ಹೆಸರೂ ಇಲ್ಲದವರನ್ನು ಮರೆಯಬೇಡಿ. ಆಶಾ ಕಾರ್ಯಕರ್ತೆಯರು ಎಲ್ಲರೂ ಹೆಣ್ಣುಮಕ್ಕಳು, ಅವರಿಗೆ ಕೊಡುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನಲ್ಲಿ ಹಗಲು ರಾತ್ರಿ ಕುಳಿತು 15,000 ಕೇಳಿದರು, ಒಟ್ಟು 10,000 ಖಾತ್ರಿ ಎಂಬ ಭರವಸೆಯ ಮೇಲೆ ಎದ್ದರು. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಸಮೀಕ್ಷೆ, ಲಸಿಕೆ, ಚುನಾವಣೆಯ ಪಟ್ಟಿ ಎಲ್ಲದಕ್ಕೂ ಇವರು ಸರ್ಕಾರಿಯವರು, ವೇತನ ಆಯೋಗ ಬಂದಾಗ ಮಾತ್ರ ಸ್ವಯಂಸೇವಕರು.

ಬೇಲೂರು ಬಾಲು
ಎಲ್ಲವೂ ಕತ್ತಲೆಯೇ ಎಂದು ಬರೆಯಬೇಡಿ. ಪೌರಕಾರ್ಮಿಕರ ವಿಷಯ ನೋಡಿ. ಬಹುಪಾಲು ದಲಿತರು, ಬೆಂಗಳೂರಿನಲ್ಲಂತೂ ಹೆಣ್ಣುಮಕ್ಕಳೇ ಹೆಚ್ಚು. ಮೊದಲು ಗುತ್ತಿಗೆದಾರನ ಕೈಕೆಳಗಿದ್ದರು, ನಂತರ ಪಾಲಿಕೆಯಿಂದ ನೇರ ಪಾವತಿಗೆ ಬಂದರು, 2022ರ ಜುಲೈನಲ್ಲಿ ಮುಷ್ಕರ ಮಾಡಿದರು, 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಮಂದಿಗೆ ಕಾಯಂ ನೇಮಕಾತಿಯ ಪತ್ರ ಸಿಕ್ಕಿತು. ಗುತ್ತಿಗೆಯಿಂದ ಕಾಯಂ ಕಡೆಗೆ ದಾರಿ ಇದೆ ಎಂದಾಯಿತಲ್ಲ.

ಕೆಂಪು ಸೀರೆ
ದಾರಿ ಇದೆ, ಆದರೆ ಕಸ ಗುಡಿಸುವುದನ್ನು ನಿಲ್ಲಿಸಿದರೆ ಮೂರನೇ ದಿನಕ್ಕೆ ಊರು ನಾರುತ್ತದೆ. ಡೇಟಾ ಎಂಟ್ರಿ ಮಾಡುವವರು ನಿಂತರೆ ಸರ್ವರ್ ಡೌನ್ ಎಂದು ಬೋರ್ಡು ಹಾಕುತ್ತಾರೆ.

ನಡುದಾರಿ
ನಾನು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವಳು. 2021ರ ಜುಲೈನಲ್ಲಿ ನೇರ ನೇಮಕಾತಿಯಲ್ಲಿ ನಮಗೆ ಶೇ. 1 ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಪೊಲೀಸ್ ನೇಮಕಾತಿಯ ಅರ್ಜಿಯಲ್ಲಿ ನಮಗೆ ಕಾಲಂ ಕೂಡ ಇಲ್ಲ ಎಂದು ನಮ್ಮಂಥವರ ಪರ ಕೆಲಸ ಮಾಡುವ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋದದ್ದರ ಫಲ ಅದು. ಅರ್ಜಿಯಲ್ಲಿ ಆ ಕಾಲಂ ಬಂದಾಗ ನನಗಾದ ಸಂತೋಷ ದೊಡ್ಡದು. ಆದರೆ ಅದನ್ನು ಭರ್ತಿ ಮಾಡಲು ಬೇಕಾದ ಗುರುತಿನ ಚೀಟಿ, ಅಂಕಪಟ್ಟಿಯ ಹಳೆಯ ಹೆಸರು, ಆಧಾರ್‌ನ ಹೊಸ ಹೆಸರು ಇವು ಮೂರೂ ಹೊಂದದೆ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತವರಿಗೆ ಗೊತ್ತು ಆ ಶೇ. 1 ಎಷ್ಟು ದೂರ ಎಂದು. ನೂರಕ್ಕಿಂತ ಕಡಿಮೆ ಹುದ್ದೆಯ ಅಧಿಸೂಚನೆಗಳಲ್ಲಿ ಒಂದು ಶೇಕಡಾ ಎಂದರೆ ಬಹಳ ಸಲ ಸೊನ್ನೆ. ಇಲ್ಲಿ ಎಲ್ಲರೂ ಸಂಬಳದ ಅಂತರದ ಬಗ್ಗೆ ಮಾತಾಡುತ್ತಿದ್ದೀರಿ, ನಾವಿನ್ನೂ ಸಂಬಳದ ಪಟ್ಟಿಯ ಹೊರಗೆ ನಿಂತಿದ್ದೇವೆ.

ಗಾಲಿಕುರ್ಚಿ
ನಡುದಾರಿ ಅವರ ಮಾತಿಗೆ ನನ್ನದೊಂದು. 2016ರ ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ಕನಿಷ್ಠ ಶೇ. 4 ಇರಬೇಕು, ನಮ್ಮ ರಾಜ್ಯದಲ್ಲಿ ಸಿ ಮತ್ತು ಡಿ ಗುಂಪಿಗೆ ಶೇ. 5 ಇದೆ. ನಾನು ಆಯ್ಕೆಯಾದೆ, ಮೊದಲ ಮಹಡಿಗೆ ನಿಯುಕ್ತಿಯಾಯಿತು, ಲಿಫ್ಟ್ ಇಲ್ಲ. ನನ್ನ ಮೇಜನ್ನು ಕೆಳಗೆ ದಾಸ್ತಾನು ಕೋಣೆಗೆ ಹಾಕಿದರು. ಮುಖ್ಯ ಕಡತಗಳೆಲ್ಲ ಮೇಲೆಯೇ ತಿರುಗುತ್ತವೆ. ಸಂಬಳ ಸರಿಯಾಗಿ ಬರುತ್ತದೆ, ಕೆಲಸ ಬರುವುದಿಲ್ಲ. ಕಾರ್ಯನಿರ್ವಹಣಾ ವರದಿಯಲ್ಲಿ ಏನು ಬರೆಸಿಕೊಳ್ಳಲಿ?

ನೇರ ಮಾತು
ಇದು ಅನ್ಯಾಯ. ಇದರಲ್ಲಿ ನನ್ನ ತಕರಾರಿಲ್ಲ. ಬೇಡಿಕೆಯನ್ನು ಲಿಖಿತವಾಗಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಕಳುಹಿಸಿ, ಅವರಿಗೆ ವಿಚಾರಣೆ ನಡೆಸುವ ಅಧಿಕಾರವಿದೆ. ಆದರೆ ಮೂಲ ಚರ್ಚೆಯಲ್ಲಿ ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ: ದುಡ್ಡು ಎಲ್ಲಿಂದ?

ಖಜಾನೆ ಹಳಬ
ಉತ್ತರ ಏಜೆನ್ಸಿ ಹುಡುಗನ ಲೆಕ್ಕದಲ್ಲೇ ಇದೆ. ಸರ್ಕಾರ ಈಗಲೂ 20,500 ಕೊಡುತ್ತಿದೆ. ಅದನ್ನು ನೇರವಾಗಿ ಗುತ್ತಿಗೆಯಲ್ಲಿ ಕೊಟ್ಟರೂ ತೆರಿಗೆಯ, ಸೇವಾ ಶುಲ್ಕದ ಹಣ ಉಳಿತಾಯವಾಗುತ್ತದೆ. ಅದು ಕಾಯಂ ಸಂಬಳಕ್ಕೆ ಸಮವಾಗುವುದಿಲ್ಲ ಎಂಬುದು ಸರಿ. ಪಿಂಚಣಿಯ ಹೊರೆಯೂ ಬೇರೆ. ಆದರೆ 2006ರ ಏಪ್ರಿಲ್ 1ರ ನಂತರ ಸೇರಿದ ಕಾಯಂ ನೌಕರರಿಗೂ ಹಳೆಯ ನಿಶ್ಚಿತ ಪಿಂಚಣಿ ಇಲ್ಲ, ಅವರದು ವಂತಿಗೆ ಆಧಾರಿತ ಯೋಜನೆ. ಆದ್ದರಿಂದ ಕಾಯಂ ಎಂದೊಡನೆ ಜೀವಮಾನದ ಹೊರೆ ಎಂದು ಬೆಚ್ಚುವ ಕಾಲ ಹೋಗಿದೆ. ಹಳೆಯ ಪಿಂಚಣಿ ವಾಪಸು ತರಬೇಕು ಎಂಬ ಚಳವಳಿ ಬೇರೆಯೇ ವಿಷಯ, ಅದನ್ನು ಇಲ್ಲಿ ಎಳೆಯುವುದು ಬೇಡ.

ನೇರ ಮಾತು
ಎಳೆದವರು ನೀವೇ. ಇರಲಿ. ನೇರ ಗುತ್ತಿಗೆಯವರು ಹತ್ತು ವರ್ಷದ ನಂತರ ಕಾಯಂ ಕೇಳಿ ಕೋರ್ಟಿಗೆ ಹೋಗುತ್ತಾರೆ ಎಂಬ ಭಯದಿಂದಲೇ ಇಲಾಖೆಗಳು ನಡುವೆ ಏಜೆನ್ಸಿಯನ್ನು ಇಟ್ಟುಕೊಳ್ಳುತ್ತವೆ ಎಂಬುದು ನನ್ನ ಅನುಮಾನ. ಆ ಏಳು ಸಾವಿರದಲ್ಲಿ ಒಂದು ಪಾಲು ಆ ಭಯದ ವಿಮಾ ಕಂತು.

ಕಲಂ ಹದಿನಾಲ್ಕು
ಈ ಚರ್ಚೆಯಲ್ಲಿ ಮೊದಲ ಬಾರಿಗೆ ನೇರ ಮಾತು ಅವರನ್ನು ಪೂರ್ತಿ ಒಪ್ಪುತ್ತೇನೆ.

ಟಪಾಲು ಶಾಖೆ
ಎಲ್ಲರಿಗೂ ಧನ್ಯವಾದ. ಇಲ್ಲಿ ಓದಿದ ಮೇಲೆ ನನಗೆ ಅನಿಸುತ್ತಿರುವುದೇನೆಂದರೆ, ವೇತನ ಪಟ್ಟಿಯೊಳಗಿನ ಅಂತರಕ್ಕೆ ಜ್ಯೇಷ್ಠತೆಯೂ ರಜೆಯೂ ಕಾರಣ, ಅದಕ್ಕಿಂತ ಬಹಳ ದೊಡ್ಡ ಅಂತರ ಪಟ್ಟಿಯ ಒಳಗಿರುವವರಿಗೂ ಹೊರಗಿರುವವರಿಗೂ ನಡುವೆ ಇದೆ, ಆ ಹೊರಗಿನವರು ಯಾರು ಎಂದು ಒಂದೆಡೆ ಲೆಕ್ಕವಿಟ್ಟವರನ್ನು ನಾನು ಕಂಡಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ ತನ್ನ ಅಧಿಕಾರಿ ಮತ್ತು ನೌಕರರ ಮಾಸಿಕ ವೇತನವನ್ನು ತಾನಾಗಿಯೇ ಪ್ರಕಟಿಸಬೇಕು. ನಮ್ಮ ಕಚೇರಿಯ ಗೋಡೆಯ ಮೇಲಿನ ಆ ಪಟ್ಟಿಯಲ್ಲಿ ನಮ್ಮ ಕೋಣೆಯಿಂದ ಎರಡೇ ಹೆಸರುಗಳಿವೆ. ಉಳಿದಿಬ್ಬರಿಗೆ ಸಂದಾಯವಾಗುವ ಮೊತ್ತ, ಟೆಂಡರಿನ ಷರತ್ತು, ಮೀಸಲಾತಿ ಪಾಲಿಸಿದ ದಾಖಲೆ ಇವುಗಳ ಪ್ರತಿ ಕೇಳಿ ಅರ್ಜಿ ಹಾಕಬಹುದೇ? ನಾನೇ ನೌಕರಳಾಗಿದ್ದು ನನ್ನ ಕಚೇರಿಗೇ ಅರ್ಜಿ ಹಾಕಿದರೆ ತೊಂದರೆಯಾದೀತೇ?

ಕಲಂ ಹದಿನಾಲ್ಕು
ಪ್ರಜೆಯಾಗಿ ಹಾಕಬಹುದು, ನೌಕರಳೆಂಬುದು ಅಡ್ಡಿಯಲ್ಲ. ಕಾರಣ ಹೇಳಬೇಕಾಗಿಲ್ಲ. ಆದರೂ ತಾಲ್ಲೂಕಿನ ಹವಾ ನನಗೂ ಗೊತ್ತು. ಜಿಲ್ಲಾ ಕಚೇರಿಯ ಮಾಹಿತಿ ಅಧಿಕಾರಿಗೆ ಇಡೀ ಜಿಲ್ಲೆಯ ವಿವರ ಕೇಳಿ ಹಾಕಿದರೆ ನಿಮ್ಮ ಕೋಣೆಯ ಕಡೆಗೆ ಯಾರೂ ಬೆರಳು ತೋರಿಸುವುದಿಲ್ಲ.

ಏಜೆನ್ಸಿ ಹುಡುಗ
ನನ್ನ ಜಿಲ್ಲೆಯಲ್ಲಿ ನಾನು ಹಾಕುತ್ತೇನೆ. ನನಗೆ ಬಡ್ತಿಯೂ ಇಲ್ಲ, ವರ್ಗಾವಣೆಯೂ ಇಲ್ಲ. ಅಷ್ಟರ ಮಟ್ಟಿಗೆ ಹೆದರಿಸುವುದು ಕಷ್ಟ.

ಖಜಾನೆ ಹಳಬ
ಹಾಕುವಾಗ ಒಂದು ಎಚ್ಚರಿಕೆ. "ಸಿಬ್ಬಂದಿ ವೇತನ" ಎಂದು ಕೇಳಿದರೆ ಕಾಯಂನವರ ಪಟ್ಟಿ ಮಾತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಏಕೆಂದರೆ ಬಹಳಷ್ಟು ಕಡೆ ಹೊರಗುತ್ತಿಗೆಯ ಹಣವನ್ನು ಸೆಳೆಯುವುದು ವೇತನದ ಲೆಕ್ಕ ಶೀರ್ಷಿಕೆಯಲ್ಲಿ ಅಲ್ಲ, ಕಚೇರಿ ವೆಚ್ಚದ ಕಡೆಯಿಂದ. ಮಾನವ ಸಂಪನ್ಮೂಲ ಪೂರೈಕೆ ಏಜೆನ್ಸಿಗಳಿಗೆ ಪಾವತಿಸಿದ ಬಿಲ್ಲುಗಳು, ಅವುಗಳ ಜೊತೆಗೆ ಲಗತ್ತಿಸಿದ ಹಾಜರಾತಿ ಪಟ್ಟಿ ಮತ್ತು ಭವಿಷ್ಯ ನಿಧಿ ಚಲನ್ ಎಂದು ಸ್ಪಷ್ಟವಾಗಿ ಬರೆಯಿರಿ, ಹಣಕಾಸು ವರ್ಷವನ್ನೂ ನಮೂದಿಸಿ.